ಮೆಚ್ಚುಗೆ ಒತ್ತದ ಓದುಗರು

ಕನ್ನಡ ಬರಹಗಳ ಒಂದು ಆ್ಯಪಿನಲ್ಲಿ ನಾನು ಕೆಲವು ವರ್ಷ ಬರೆದೆ. ತಿಪಟೂರಿನಲ್ಲಿ ಒಬ್ಬನೇ ಇರುತ್ತೇನೆ. ಬೆಳಿಗ್ಗೆ ಎದ್ದರೆ ಮೊದಲು ನೋಡುತ್ತಿದ್ದದ್ದು ಎಷ್ಟು ಮೆಚ್ಚುಗೆ ಬಿದ್ದಿದೆ ಎಂದು. ಕೆಳಗೆ ‘ಸೂಪರ್ ಸರ್’, ‘ಮುಂದಿನ ಭಾಗ ಯಾವಾಗ?’ ಎಂಬ ಸಾಲುಗಳು. ಒಮ್ಮೆ ಬೇಕೆಂದೇ ಒಂದು ಪ್ಯಾರಾವನ್ನು ಎರಡು ಸಲ ಹಾಕಿದೆ. ಯಾರೂ ಏನೂ ಅನ್ನಲಿಲ್ಲ. ‘ಸೂಪರ್ ಸರ್’ ಮಾತ್ರ ಬಂತು. ಬರೆಯುವುದನ್ನು ನಿಲ್ಲಿಸಿದೆ.

ಕೆಲವು ತಿಂಗಳಾದ ಮೇಲೆ ಆ್ಯಪಿನ ಸಂಪಾದಕಿ ಫೋನ್ ಮಾಡಿದರು. ಚೆನ್ನಾಗಿ ಬರೆಯುವವರೆಲ್ಲ ಬಿಟ್ಟು ಹೋಗುತ್ತಿದ್ದಾರೆ, ಏನು ಮಾಡಿದರೆ ಉಳಿಯುತ್ತೀರಿ ಎಂದು ಕೇಳಿದರು. ಬಹುಮಾನ, ಬ್ಯಾಡ್ಜು, ಮೊದಲ ಪುಟದಲ್ಲಿ ಫೋಟೊ ಎಂದು ಒಂದೊಂದೇ ಹೇಳುತ್ತಾ ಹೋದರು.

“ಅವೆಲ್ಲ ಬೇಡ. ಒಬ್ಬರು ಓದುಗರನ್ನ ಕೊಡಿ. ನಮ್ಮ ಕಡೆಯವರೇ ಆಗಿರ್ಲಿ. ನೀವು ಹಾಕೋಕೆ ಮುಂಚೆ ಓದಿ, ನನ್ನ ಹತ್ರ ಜಗಳ ಆಡ್ಲಿ,” ಎಂದೆ.

ಅವರನ್ನು ಸಾಗಹಾಕಲು ಆಡಿದ ಮಾತು. ಅವರು ನಿಜವಾಗಿಯೂ ಹಾಗೇ ಮಾಡಿದರು.

ಈ ಸಲ ಅಮ್ಮನ ಬಗ್ಗೆ ಬರೆದು ಕಳಿಸಿದೆ. ಅವಳು ತೀರಿಕೊಂಡಾಗ ನಾನು ತುಂಬ ಚಿಕ್ಕವನು. ನೆನಪಿರುವುದು ಒಂದೇ ಚಿತ್ರ. ನಮ್ಮಲ್ಲಿ ಕೊಬ್ಬರಿಗೆಂದು ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ವರ್ಷದ ಹತ್ತಿರ ಬಿಡುತ್ತಾರೆ. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟ ಮೇಲೆ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಹೊಸ ಕಾಯಿ ಏರಿಸಿದ ವಾರವೇ ಅಮ್ಮ ಅಟ್ಟ ಹತ್ತಿ, ಒಂದು ಕಾಯನ್ನು ಕಿವಿಯ ಹತ್ತಿರ ಗಡಗಡ ಎನ್ನಿಸಿ, ಕೆಳಗಿದ್ದ ನನ್ನನ್ನು ನೋಡಿ ನಕ್ಕಳು ಎಂದು ಬರೆದಿದ್ದೆ.

ಪಕ್ಕದ ತುರುವೇಕೆರೆಯಿಂದ ಫೋನ್ ಬಂತು. ನನ್ನ ಪಾಲಿನ ಓದುಗರು ಸ್ಕೂಲಿನಿಂದ ನಿವೃತ್ತರಾದ ಒಬ್ಬರು ಮೇಡಂ.

“ಏನ್ ಸ್ವಾಮಿ, ಹೊಸ ಕಾಯಿ ಗಡಗಡ ಅಂತದಾ? ನೀವು ತಿಪಟೂರೋರೇನಾ, ಇಲ್ಲ ಅಂಗ್ಡೀಲಿ ಕೊಬ್ರಿ ಕೊಂಡು ತಿಂದೋರಾ?”

“ನಂಗೆ ಹಂಗೇ ನೆನಪು ಮೇಡಂ.”

“ಒಳಗೆ ನೀರಿರ್ತದೆ ಕಣ್ರೀ, ಕುಲುಕ್ತದೆ ಅಷ್ಟೆ. ಹೊಸ ಕಾಯಿ ನೋಡಾಕೆ ಯಾರೂ ಅಟ್ಟ ಹತ್ತಲ್ಲ. ನಿಮ್ಮಮ್ಮ ಯಾಕೆ ಹತ್ತಿದ್ರು?”

ಸದ್ದು ಬೇರೆ ಯಾವುದೋ ವರ್ಷದ್ದಿರಬಹುದು. ನಗು ಗೋಡೆಯ ಫೋಟೊದಿಂದ ಬಂದಿರಬಹುದು. ಅಟ್ಟದ ಮೇಲಿದ್ದವಳು ಅಮ್ಮನಲ್ಲ, ದೊಡ್ಡಮ್ಮನೇ ಇರಬಹುದು. ಕೇಳೋಣವೆಂದರೆ ಆ ಮನೆಯವರು ಯಾರೂ ಈಗಿಲ್ಲ.

“ಕೋಪ ಬಂತಾ?” ಎಂದರು ಮೇಡಂ.

“ಇಲ್ಲ. ಅಮ್ಮ ಅಂತ ನಂಗಿದ್ದಿದ್ದು ಅದೊಂದೇ.”

“ಅಯ್ಯೋ, ಬುಡಿ. ಅದನ್ನ ಕಿತ್ಕಳಾಕೆ ನಾನ್ಯಾರು? ಆದ್ರೆ ಗೊತ್ತಿಲ್ದಿದ್ದನ್ನ ಗೊತ್ತಿಲ್ಲ ಅಂತಲೇ ಬರೀರಿ. ಕಳ್ಸಿ, ಇನ್ನೊಂದ್ ಸಲ ಓದ್ತೀನಿ.”

ಇನ್ನೊಂದು ಸಲ ಓದುತ್ತೇನೆ ಎಂದು ಇಷ್ಟು ವರ್ಷಗಳಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ. ಅವರಿಂದಾಗಿ ಮನೆ ಮೊದಲಿಗಿಂತ ಖಾಲಿಯಾಗಿತ್ತು.

ಬರಹ ತೆರೆದು ಸದ್ದನ್ನು ತೆಗೆದೆ. ನಗುವನ್ನೂ ತೆಗೆದೆ. ‘ಅಮ್ಮ’ ಎಂಬುದನ್ನು ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕೊನೆಗೆ ಮೇಡಂಗೆ ಕಳಿಸಿದ್ದರಲ್ಲಿ ಆ ಸಾಲು ಹೀಗಿತ್ತು: ‘ಅಟ್ಟದ ಮೇಲೆ ಯಾರೋ ಇದ್ದರು. ಅಮ್ಮನೇ ಇರಬೇಕು.’