ರೇವಮ್ಮನಿಗೆ ಸಿಹಿ ನಡೆಯುವುದಿಲ್ಲ

ರೇವಮ್ಮನ ಬಗ್ಗೆ ಅಕ್ಕಲಕೋಟದ ಕಡೆ ಏನೇನೋ ಕಥೆ ಹಬ್ಬಿದೆ. ಅವಳ ಮೈಮೇಲೆ ಬೀರಪ್ಪ ಬರುತ್ತಾನಂತೆ, ಬಂದಾಗ ಅವಳ ಕಣ್ಣು ನೋಡಲಿಕ್ಕೆ ಆಗುವುದಿಲ್ಲವಂತೆ. ಎಲ್ಲ ಸುಳ್ಳು. ಆ ದಿನ ನಾನು ಅಲ್ಲೇ ಇದ್ದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಕೇಳಿ ಯಾರಿಗಾದರೂ ಸಿಟ್ಟು ಬಂದರೆ ಬರಲಿ, ನನಗಂತೂ ಬಂದಾಗಿದೆ.

ನಾನು ಯೋಗಿತಾ. ಸೊಲ್ಲಾಪುರದ ಒಂದು ಟವೆಲ್ ಕಾರ್ಖಾನೆಯಲ್ಲಿ ರೇವಮ್ಮ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್, ನಾನು ಅವಳ ಕೈಕೆಳಗೆ. ಮನೆಗಳೂ ವಿಜಾಪುರ ರಸ್ತೆಯ ಒಂದೇ ಓಣಿಯಲ್ಲಿ. ಅವರದು ಕುರಿ ಕಾಯ್ದ ಧನಗರ ಮನೆತನ, ನಾವು ದಲಿತ ಬೌದ್ಧರು. ನಮ್ಮಿಬ್ಬರ ಊಟದ ಡಬ್ಬಿಗಳಿಗೆ ಆ ವ್ಯತ್ಯಾಸ ಗೊತ್ತಿಲ್ಲ.

ಮೊದಲು ರೇವಮ್ಮ ಬಹಳ ದಪ್ಪಗಿದ್ದಳು. ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ತೂಕ ಇಳಿಸಲು ಡಾಕ್ಟರು ಅವಳ ಹೊಟ್ಟೆಯನ್ನು ಸಣ್ಣದು ಮಾಡುವ ಆಪರೇಷನ್ ಮಾಡಿದರು. ತೂಕ ಇಳಿಯಿತು, ಸಕ್ಕರೆ ಕಾಯಿಲೆಯೂ ಹೋಯಿತು. ವರ್ಷ ಕಳೆದ ಮೇಲೆ ಅದರ ಬದಲಿಗೆ ಇನ್ನೊಂದು ಪೀಡೆ ಬಂತು. ಸಿಹಿ ತಿಂದರೆ ಅದು ಆ ಪುಟ್ಟ ಹೊಟ್ಟೆಯಲ್ಲಿ ನಿಲ್ಲದೆ ಸೀದಾ ಕರುಳಿಗೆ ಇಳಿಯುತ್ತದೆ. ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುತ್ತದೆ. ಮೈ ಗಾಬರಿಬಿದ್ದು ಬೇಕಾದ್ದಕ್ಕಿಂತ ಹೆಚ್ಚು ಇನ್ಸುಲಿನ್ ಸುರಿಯುತ್ತದೆ. ಒಂದೆರಡು ತಾಸಿನಲ್ಲಿ ಸಕ್ಕರೆ ನೆಲ ಕಚ್ಚುತ್ತದೆ. ಆಗ ಬೆವರು, ನಡುಕ, ಕಣ್ಣು ಮಂಜು, ತಲೆಬುಡವಿಲ್ಲದ ಸಿಟ್ಟು. ಹಾಗೇ ಬಿಟ್ಟರೆ ಎಚ್ಚರ ತಪ್ಪುತ್ತದೆ.

ದವಾಖಾನೆಯ ಆಹಾರ ತಜ್ಞೆ ಎಲ್ಲ ಬಿಡಿಸಿ ಹೇಳಿದ್ದರು. ಸಿಹಿ ಬಿಡಬೇಕು. ಹೊಟ್ಟೆ ಖಾಲಿ ಬಿಡದೆ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿರಬೇಕು. ಮೊದಲು ತತ್ತಿ, ಕಾಳು, ಆಮೇಲೆ ರೊಟ್ಟಿ. ಊಟದ ಜೊತೆ ನೀರು ಬೇಡ. ನಡುಕ ಬಂದೇಬಿಟ್ಟರೆ ಬಾಯಿಗೆ ಸ್ವಲ್ಪ ಸಕ್ಕರೆ, ಚೇತರಿಸಿಕೊಂಡ ಮೇಲೆ ತತ್ತಿಯೋ ಶೇಂಗಾವೋ. ಅವಳ ಗಂಡ ಗುರುಸಿದ್ಧ ಪಕ್ಕದಲ್ಲೇ ಕೂತು ತಲೆ ಅಲ್ಲಾಡಿಸಿದ್ದ. ಇದನ್ನು ನೆನಪಿಡಿ, ಅವನು ಎಲ್ಲವನ್ನೂ ಕಿವಿಯಾರೆ ಕೇಳಿದ್ದಾನೆ.

ರೇವಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಬೇಯಿಸಿದ ತತ್ತಿ, ಹುರಿದ ಶೇಂಗಾ ಇರುವ ಡಬ್ಬಿ ಸದಾ ಬಗಲಲ್ಲಿ. ಕಾರ್ಖಾನೆಯಲ್ಲಿ ಹುಡುಗಿಯರು ಚೇಷ್ಟೆ ಮಾಡುತ್ತಿದ್ದರು.

"ಮ್ಯಾಡಮ್ ಕೋಳಿ ಹಂಗ ದಿನಾ ಪೂರಾ ಹೆಕ್ಕತಾರ ನೋಡ್ರಿ."

"ಹೆಕ್ಕತೀನವಾ. ಹೆಕ್ಕಲಿಲ್ಲಂದ್ರ ನಿಮ್ಮ ಮ್ಯಾಲೇ ಬೀಳತೀನಿ, ಎತ್ತಾಕ ನಾಕ ಮಂದಿ ಬೇಕು," ಎನ್ನುತ್ತಿದ್ದಳು.

ಹೀಗೆ ಕೆಲಸದ ಕಡೆ ಎಲ್ಲ ಸುಸೂತ್ರವಾಗಿತ್ತು. ಅಡ್ಡ ಬಂದದ್ದು ನೆಂಟರು. ಮೈದುನನ ಮಗಳು ಕಾಜಲಳ ನಿಶ್ಚಯ ಗೊತ್ತಾಯಿತು, ಅಕ್ಕಲಕೋಟದ ಹಿರಿಯರ ಮನೆಯಲ್ಲಿ. ನಿಶ್ಚಯಕ್ಕೆ ನಮ್ಮ ಕಡೆ ಸಾಖರಪುಡಾ ಅನ್ನುತ್ತಾರೆ. ಸಕ್ಕರೆಯ ಪೊಟ್ಟಣ ಹುಡುಗಿಯ ಕೈಗೆ ಬಂದು, ಎರಡೂ ಕಡೆಯವರ ಬಾಯಿ ಸಿಹಿಯಾದರೇ ಮಾತು ಗಟ್ಟಿ.

"ಒಬ್ಬಾಕಿ ಹೋದ್ರ ತಿನಿಸೇ ಬಿಡತಾರ. ನೀ ಬಾ ಯೋಗಿತಾ," ಎಂದು ಹಿರಿಯರ ಮನೆಯಿಂದ ಬಂದ ಜೀಪಿಗೆ ನನ್ನನ್ನೂ ಹತ್ತಿಸಿದಳು.

ಹೊಸ್ತಿಲಲ್ಲೇ ಅವಳ ಅತ್ತೆ ಡಬ್ಬಿ ತೆರೆಸಿ ನೋಡಿದಳು. ಶುಭಕಾರ್ಯದ ಮನೆಗೆ ತತ್ತಿಯೇ? ಡಬ್ಬಿ ತಿರುಗಿ ಜೀಪಿಗೆ ಹೋಯಿತು. ಊಟಕ್ಕೆ ಕೂತಾಗ ವರನ ತಾಯಿ ಬಾಸುಂದಿಯ ಬಟ್ಟಲು ಹಿಡಿದು ಬಂದಳು. ರೇವಮ್ಮ ಕೈ ಮುಗಿದು, ಆಪರೇಷನ್ ಆಗಿದೆ, ನಡೆಯುವುದಿಲ್ಲ ಎಂದಳು. ಆಕೆಯ ಮುಖ ಸಣ್ಣದಾಯಿತು.

"ನಮ್ಮ ಸಿಹಿ ಒಲ್ಲೆ ಅಂದ್ರ ನಮ್ಮ ಸೋಯರಿಕೀನೂ ಒಲ್ಲೆ ಅಂದಂಗ ಆತಲ್ರಿ."

"ಒಂದ್ ಬಟ್ಟಲಾ ಕುಡದ್ರ ಸಾಯೂದಿಲ್ಲ, ಕುಡಿ," ಎಂದು ಅತ್ತೆ ಗದರಿದಳು.

ರೇವಮ್ಮ ಗಂಡನ ಕಡೆ ನೋಡಿದಳು. ಅವನು ಹೋಳಿಗೆ ಮುರಿಯುತ್ತಿದ್ದ. ತನ್ನಿಂದ ಹುಡುಗಿಯ ಸಂಬಂಧ ಕೆಡಬಾರದೆಂದು ಅವಳು ಕುಡಿದಳು. ನಾನು ಬಂದದ್ದು ಯಾತಕ್ಕೂ ಉಪಯೋಗವಾಗಲಿಲ್ಲ.

ಊಟವಾಗಿ ತಾಸಿನ ಮೇಲೆ, ಗಂಡಸರು ಎಲೆ ಅಡಿಕೆ ಹಾಕುತ್ತ ಮದುವೆಯ ದಿನ ನೋಡುತ್ತಿದ್ದಾಗ ಅವಳ ತುಟಿ ಬಿಳಿಚಿತು. ಕುಪ್ಪಸ ಬೆವರಿನಿಂದ ತೊಯ್ದಿತು. ಕೈ ನಡುಗತೊಡಗಿತು. ಎದ್ದು ಜೀಪಿನ ಕಡೆ ಹೊರಟವಳಿಗೆ ಬಾಗಿಲಲ್ಲಿ ಗಂಡನ ಅಣ್ಣ, ಭಾವ ಅಮೋಗಸಿದ್ಧ ಅಡ್ಡ ನಿಂತಿದ್ದ. ಆ ಮನೆಯ ಯಜಮಾನ ಅವನು. ಅವನೆದುರು ಅವಳು ಸೆರಗು ಸರಿಸಿದವಳಲ್ಲ, ದನಿ ಎತ್ತಿದವಳಲ್ಲ.

"ಏ ಅಮೋಗಸಿದ್ಧಾ, ಸರಿ ಅತ್ತಾಗ!" ಎಂದು ಚೀರಿದಳು.

ಸೊಸೆಯಾದವಳು ಭಾವನ ಹೆಸರು ಹಿಡಿದು ಕರೆಯುವುದುಂಟೇ? ಹಾಗೆ ಕರೆಯಬಲ್ಲವನು ಒಬ್ಬನೇ, ಮೈಮೇಲೆ ಬಂದ ದೇವರು. ರೇವಮ್ಮನ ಮಾವನ ಮೈಮೇಲೆ ಬೀರಪ್ಪ ಬರುತ್ತಿದ್ದನಂತೆ. ಮಾವ ತೀರಿಕೊಂಡ ಮೇಲೆ ದೇವರು ಇನ್ಯಾರನ್ನು ಹಿಡಿಯುತ್ತಾನೋ ಎಂದು ಮನೆಯವರೆಲ್ಲ ಕಾಯುತ್ತಿದ್ದರು. ಅತ್ತೆ ಅಳುತ್ತಲೇ ಕಂಬಳಿ ತಂದು ಹಾಸಿದಳು. ನಡುಗುತ್ತಿದ್ದವಳನ್ನು ಹಿಡಿದು ಕೂರಿಸಿ, ಹಣೆ ತುಂಬ ಭಂಡಾರದ ಅರಿಸಿನ ಬಳಿದರು. ಮೊದಲು ಭಾವ ಅಡ್ಡಬಿದ್ದ. ಅವನ ಹಿಂದೆಯೇ, ಎಲ್ಲ ಗೊತ್ತಿದ್ದ ಗುರುಸಿದ್ಧನೂ ಹೆಂಡತಿಯ ಕಾಲಿಗೆ ಹಣೆ ಹಚ್ಚಿದ.

"ದೇವ್ರಲ್ರೀ! ಆಕಿ ಸಕ್ಕರಿ ಇಳದೈತಿ! ಬಾಯಿಗಿ ಸಕ್ಕರಿ ಹಾಕ್ರಿ!" ಎಂದು ನಾನು ಮುಂದೆ ನುಗ್ಗಿದೆ.

"ನೀ ಮುಟ್ಟಬ್ಯಾಡ," ಎಂದ ಭಾವ. "ದೇವ್ರು ಇಳಿಯೋತನಾ ಅನ್ನ ನೀರು ಇಲ್ಲ. ನಮ್ಮ ಮನಿ ರೀತಿ ಐತಿ."

ಆ ಮಾತಿನಲ್ಲಿ ದೇವರ ಭಯ ಎಷ್ಟಿತ್ತು, ನನ್ನ ಜಾತಿಯ ನೆನಪು ಎಷ್ಟಿತ್ತು, ನಾನು ಕೇಳಲಿಲ್ಲ. ರೇವಮ್ಮನ ಕತ್ತು ವಾಲುತ್ತಿತ್ತು. "ಸಕ್ಕರಿ... ಡಬ್ಬಿ..." ಎಂದು ತೊದಲುತ್ತಿದ್ದಳು. ದೇವರು ಏನೋ ಅಪ್ಪಣೆ ಕೊಡುತ್ತಿದ್ದಾನೆಂದು ಅವರು ಇನ್ನಷ್ಟು ಬಾಗಿದರು. ಒಳಗಿಂದ ಓಡಿ ಬಂದವಳು ಕಾಜಲ. ಉಡಿಯಲ್ಲಿದ್ದ ತನ್ನ ನಿಶ್ಚಯದ ಪೊಟ್ಟಣವನ್ನೇ ಹಲ್ಲಿನಿಂದ ಹರಿದು ನನ್ನ ಕೈಗೆ ಸುರಿದಳು. ಅಪಶಕುನ ಎಂದು ವರನ ತಾಯಿ ಕೂಗಿಕೊಂಡಳು. ಕೂಗಿಕೊಳ್ಳಲಿ ಎಂದುಕೊಂಡು, ಭಾವನನ್ನು ದಬ್ಬಿ, ರೇವಮ್ಮನ ಬಾಯಿಗೆ ಸಕ್ಕರೆ ಹಾಕಿದೆ. ನುಂಗುವಷ್ಟು ಎಚ್ಚರ ಇನ್ನೂ ಇತ್ತು. ಕಣ್ಣು ತಿಳಿಯಾದ ಮೇಲೆ ಕಾಜಲ ಜೀಪಿನಿಂದ ಡಬ್ಬಿ ತಂದಳು. ಕಂಬಳಿಯ ಮೇಲೆ ಕೂತೇ ರೇವಮ್ಮ ತತ್ತಿ ತಿಂದಳು. ಯಾರೂ ತಡೆಯಲಿಲ್ಲ.

"ಇದು ಆಪರೇಷನ್ನಿಂದ ಆಗೂದು. ದೇವ್ರೂ ಇಲ್ಲ, ಗೀವ್ರೂ ಇಲ್ಲ," ಎಂದಳು, ಮಾತಾಡುವ ಶಕ್ತಿ ಬಂದ ಕೂಡಲೇ.

ಯಾರು ಕೇಳಬೇಕು? ಬೀರಪ್ಪ ಸಕ್ಕರೆ ಬೇಡಿ ತೃಪ್ತನಾದ ಎಂದು ಅಷ್ಟರಲ್ಲೇ ತೀರ್ಮಾನವಾಗಿತ್ತು. ಇನ್ನು ಪ್ರತಿ ಅಮಾವಾಸ್ಯೆ ಬೆಳಗಿನಿಂದ ನಿರಾಹಾರ ಇದ್ದು ರೇವಮ್ಮ ಬಂದು ಕಂಬಳಿಯ ಮೇಲೆ ಕೂರಬೇಕು, ಜನರ ಪ್ರಶ್ನೆಗೆ ಉತ್ತರ ಹೇಳಬೇಕು ಎಂದು ಭಾವ ಸಾರಿದ. ತಾಸು ತಾಸಿಗೆ ತಿನ್ನಬೇಕಾದವಳಿಗೆ ದಿನವಿಡೀ ಉಪವಾಸ! ಒಂದು ಸಲ ಬದುಕಿದಳು ಅಂತ ಪ್ರತಿ ತಿಂಗಳೂ ಬದುಕುತ್ತಾಳೆಯೇ?

ಬರುವಾಗ ಜೀಪಿನಲ್ಲಿ ಅವಳು ಗಂಡನನ್ನು ಹಿಡಿದುಕೊಂಡಳು.

"ದವಾಖಾನಿಯಾಗ ಬಾಜೂಕ ಕುಂತ ಎಲ್ಲಾ ಕೇಳಿದ್ದಿ. ಕಾಲಿಗಿ ಹ್ಯಾಂಗ ಬಿದ್ದಿ?"

"ಅಣ್ಣನ ಹೆಸರ ಹಿಡದ ಕರದಿ... ನಂಗೂ ಖರೇ ಅನಸ್ತು," ಎಂದ ಗುರುಸಿದ್ಧ.

"ಅಂದ್ರ ನಾ ಅಂದಿದ್ದು ಯಾವತ್ತೂ ಖರೇ ಅನಸಲಿಲ್ಲ ನಿಂಗ."

ಎಷ್ಟು ವರ್ಷದ ಸಂಸಾರವೋ, ಏನು ಸಂಸಾರವೋ!

ಮುಂದಿನ ಅಮಾವಾಸ್ಯೆ ನಾವಿಬ್ಬರೂ ಪಾಳಿಗೆ ಹೊರಡುವ ಹೊತ್ತಿಗೆ ಅಕ್ಕಲಕೋಟದ ಜೀಪು ಬಂದು ಅವಳ ಮನೆಯ ಗೇಟಿನ ಮುಂದೆ ನಿಂತಿತು. ಭಾವ ಇಳಿದು ಅಂಗಳಕ್ಕೆ ಬಂದ. ರೇವಮ್ಮ ಕಟ್ಟೆಯ ಮೇಲೆ ಕೂತು ತತ್ತಿ, ಅರ್ಧ ರೊಟ್ಟಿ ತಿನ್ನುತ್ತಿದ್ದಳು. ಉಪವಾಸ ಮುರಿದದ್ದು ಕಂಡು ಅವನು ಗಾಬರಿಯಾದ. ಅವಳು ಏಳಲಿಲ್ಲ, ಸೆರಗೂ ಎಳೆದುಕೊಳ್ಳಲಿಲ್ಲ.

"ನಾ ಬರಾಂಗಿಲ್ಲ. ಯಾಕ ಅಂತ ನಿಮ್ಮ ತಮ್ಮ ಹೇಳತಾನ. ಹೇಳು, ಡಾಕ್ಟರ್ ಏನ ಹೇಳ್ಯಾರ, ನಿನ್ನ ಬಾಯಿಲೆ ಹೇಳು," ಎಂದು ಗಂಡನತ್ತ ತಿರುಗಿದಳು.

ಗುರುಸಿದ್ಧ ಅಣ್ಣನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಈಗಲಾದರೂ ಹೇಳುತ್ತಾನೆ ಎಂದು ನಾನು ಕಾಯುತ್ತ ನಿಂತೆ. ಅವನು ಅಣ್ಣನ ಹತ್ತಿರ ಹೋಗಿ ದನಿ ತಗ್ಗಿಸಿದ.

"ಅಣ್ಣಾ, ದೇವ್ರು ಭಾಳ ಸಿಟ್ಟಿನ್ಯಾಗ ಅದಾನ. ಉಪಾಸ ಒಲ್ಲೆ ಅಂತಾನ. ಇನ್ನ ಕರಿಯಾಕ ಬರಬ್ಯಾಡ."

ಅಷ್ಟೇ ಸಾಕಾಯಿತು. ಭಾವ ಹಿಂದೆ ಸರಿದ. ಅವಳು ಉಳಿದಳು, ಉಪವಾಸ ತಪ್ಪಿತು. ಡಾಕ್ಟರ ಮಾತಿಗೆ, ಅವಳ ಮಾತಿಗೆ ಸಿಗದ ಬೆಲೆ ಈ ಸುಳ್ಳಿಗೆ ಸಿಕ್ಕಿತು. ಹೆಂಡತಿಯನ್ನು ಕಾಪಾಡಿದೆನೆಂಬ ಸಮಾಧಾನದಲ್ಲಿ ಗುರುಸಿದ್ಧ ಅವಳ ಕಡೆ ತಿರುಗಿದ.

ರೇವಮ್ಮ ತಟ್ಟೆಯನ್ನು ಅಂಗಳಕ್ಕೆ ಎಸೆದಳು. ರೊಟ್ಟಿ ಗೇಟಿನ ತನಕ ಹಾರಿತು.

"ಸಿಟ್ಟ ನಂದು!" ಎಂದು ಓಣಿಗೆಲ್ಲ ಕೇಳುವಂತೆ ಚೀರಿದಳು. "ಯಾವ ದೇವ್ರದೂ ಅಲ್ಲ, ನಂದು! ಈ ರೇವಮ್ಮಂದು!"

ಜೀಪಿನ ಬಾಗಿಲಿಗೆ ಕೈ ಹಾಕಿದ್ದ ಅಮೋಗಸಿದ್ಧ ಥಟ್ಟನೆ ತಿರುಗಿದ. ಚಪ್ಪಲಿ ಬಿಟ್ಟು, "ತಪ್ಪಾತು ಬೀರಪ್ಪಾ," ಎಂದು ಅವಳಿಗೆ ಕೈ ಮುಗಿದ.