ಬಿಸಿಲು ಬೀಳಬಾರದು, ಅಷ್ಟೇ

ಬಿಸಿಲೆಂಬುದು ಬಳ್ಳಾರಿ, ರಾಯಚೂರುಗಳ ಸೊತ್ತು ಎಂದು ನಮ್ಮ ಬಸವನಗುಡಿಯವರು ನಂಬಿದ್ದ ಕಾಲ ಅದು. ತೊಂಬತ್ತರ ದಶಕದ ನಡುಭಾಗ. ನಮ್ಮಲ್ಲಿ ಬೀಳುತ್ತಿದ್ದುದು ಬರೀ ಬೆಳಕು. ಊರಿಗೆ ಊರೇ ಹೆದರುತ್ತಿದ್ದುದು ಇಬ್ಬನಿಗೆ. ಡಿಸೆಂಬರ್ ಬಂತೆಂದರೆ ಲಾಲ್‌ಬಾಗಿಗೆ ವಾಕಿಂಗ್ ಹೊರಟ ಗಣ್ಯರೆಲ್ಲ ಮಂಕಿ ಟೋಪಿಯಿಂದ ಕಣ್ಣು ಮೂಗು ಮಾತ್ರ ಹೊರಗಿಟ್ಟು, ದರೋಡೆಗೆ ಹೊರಟವರ ಹಾಗೆ ಸಾಗುತ್ತಿದ್ದರು. ಅವರನ್ನು ನೋಡಿ ಯಾರೂ ನಕ್ಕದ್ದಿಲ್ಲ. ಇಬ್ಬನಿಗೆ ಟೋಪಿ ಹಾಕಿದರೆ ವಿವೇಕ; ಬಿಸಿಲಿಗೆ ಹಾಕಿದರೆ ವೇಷ. ಈ ಅಲಿಖಿತ ಶಾಸನವನ್ನು ನಾನು ಸಂಸಾರಸಮೇತ ಉಲ್ಲಂಘಿಸಿದೆ.

ಮಗಳಿಗೆ ಆಗ ಆರು ತುಂಬುತ್ತಿತ್ತು. ಏಪ್ರಿಲ್‌ನ ಒಂದು ಮಧ್ಯಾಹ್ನವಿಡೀ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿ ಬಂದವಳ ಕತ್ತು, ಕಿವಿ, ಮುಂದೋಳುಗಳು ಸಂಜೆಗೆ ಕಾದ ಕಾವಲಿಯಾಗಿದ್ದವು. ಬೆಳಗಾಗುವಷ್ಟರಲ್ಲಿ ನೀರ್ಗುಳ್ಳೆ ಎದ್ದವು. ಮನೆಯಲ್ಲಿ ವೈದ್ಯಕೀಯ ಮಂಡಳಿ ಸೇರಿತು. ನನ್ನ ತಾಯಿ ಉಷ್ಣವೆಂದು ನಿರ್ಣಯಿಸಿ ಗಂಧ ತೇಯತೊಡಗಿದರು. ತ್ಯಾಗರಾಜನಗರದಿಂದ ಧಾವಿಸಿ ಬಂದ ನನ್ನ ಅಕ್ಕ ಮಾವಿನಹಣ್ಣನ್ನು ಕಟಕಟೆಯಲ್ಲಿ ನಿಲ್ಲಿಸಿದಳು. ಪಕ್ಕದ ಮನೆಯ ಯಜಮಾನರು ದೃಷ್ಟಿ ತಾಕಿದೆಯೆಂದರು. ಸೂರ್ಯನ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ದೊಡ್ಡವರ ಮೇಲೆ ಬರುವ ಪದ್ಧತಿಯಿಲ್ಲ. ಅಲ್ಲದೆ ಕಪ್ಪು ಮೈಗೆ ಬಿಸಿಲು ಏನೂ ಮಾಡದು ಎಂಬುದು ಸರ್ವಸಮ್ಮತ ಸಿದ್ಧಾಂತ. ಮಗಳದು ನನ್ನದೇ ಬಣ್ಣ, ಅಂದರೆ ತಲೆಮಾರುಗಳಿಂದ ಕಲಬೆರಕೆಯಿಲ್ಲದೆ ಇಳಿದು ಬಂದ ಅಪ್ಪಟ ಕಪ್ಪು.

ಗಾಂಧಿ ಬಜಾರಿನ ನಮ್ಮ ಹಳೆಯ ಡಾಕ್ಟರಿಗೆ ಈ ಸಿದ್ಧಾಂತ ಗೊತ್ತಿರಲಿಲ್ಲ. ಕೆಲವು ಮಕ್ಕಳ ಚರ್ಮ ಬಿಸಿಲು ತಡೆಯುವುದಿಲ್ಲ, ಕಪ್ಪಾದರೂ ಅಷ್ಟೇ ಬಿಳುಪಾದರೂ ಅಷ್ಟೇ ಎಂದು ಮುಲಾಮು ಬರೆದುಕೊಟ್ಟರು. ಹೊರಡುವಾಗ ಹೇಳಿದರು: "ಮೈಮೇಲೆ ಬಿಸಿಲು ಬೀಳಬಾರದು. ಅಷ್ಟೇ."

ಈ ವಾಕ್ಯ ಗಾಂಧಿ ಬಜಾರಿನಿಂದ ನಮ್ಮ ಮನೆ ತಲುಪುವಷ್ಟರಲ್ಲಿ 'ಬಿಸಿಲಿಗೆ ಹೋಗಬಾರದು' ಎಂದಾಗಿತ್ತು. ಸಾಗಣೆಯಲ್ಲಿ ಆದ ಸಣ್ಣ ಜಖಂ. ಅಮ್ಮ ಅದನ್ನೇ ಜಾರಿಗೆ ತಂದರು. ಹೊತ್ತಿಳಿಯುವವರೆಗೆ ಮಗು ಹೊಸಿಲು ದಾಟಕೂಡದು. ಅವಳು ಕಿಟಕಿಯ ಸರಳು ಹಿಡಿದು ನಿಂತು, ಹೊರಗೆ ಆಡುತ್ತಿದ್ದವರಿಗೆ ಒಳಗಿನಿಂದಲೇ ಅಂಪೈರ್ ಆದಳು. ಗೆರೆ ತುಳಿದವರನ್ನು ಔಟೆಂದು ಕೂಗುವಳು. ಕಿಟಕಿಯೊಳಗಿನ ಅಂಪೈರಿನ ತೀರ್ಪಿಗೆ ಬೀದಿಯಲ್ಲಿ ಕಿಮ್ಮತ್ತಿರಲಿಲ್ಲ. ಕ್ರಮೇಣ ಕೂಗುವುದನ್ನೂ ಬಿಟ್ಟಳು. ಒಂದು ಭಾನುವಾರ ಪೇಪರು ಓದುತ್ತಿದ್ದ ನನ್ನ ಬಳಿ ಬಂದು ಕೇಳಿದಳು:

"ಅಪ್ಪ, ನಂಗೆ ಯಾವಾಗ ವಾಸಿಯಾಗತ್ತೆ?"

ಗುಳ್ಳೆಗಳು ಒಣಗಿ, ಕಲೆ ಸಹ ಮಾಯವಾಗಿ ಎಷ್ಟೋ ದಿನವಾಗಿತ್ತು. ನಾನು ಪೇಪರು ಮಡಚಿಟ್ಟೆ.

ಸರ್ಕಾರಿ ಕಚೇರಿಯಲ್ಲಿ ಕರಡು ತಿದ್ದುವ ಕೆಲಸ ನನ್ನದು. ಕ್ರಿಯಾಪದ ಬದಲಾದರೆ ಆದೇಶವೇ ಬದಲಾಗುತ್ತದೆಂದು ಬಲ್ಲವನು. ಊಟಕ್ಕೆ ಕೂತಾಗ ವಿಷಯ ಮಂಡಿಸಿದೆ. ಬೀಳುವುದು ಬಿಸಿಲಿನ ಕ್ರಿಯೆ, ಹೋಗುವುದು ಮಗುವಿನ ಕ್ರಿಯೆ. ಡಾಕ್ಟರು ನಿಷೇಧಿಸಿರುವುದು ಬಿಸಿಲನ್ನು, ಮಗುವನ್ನಲ್ಲ. ಆದ್ದರಿಂದ ಮಗು ಹೊರಗೆ ಹೋಗತಕ್ಕದ್ದು, ಬಿಸಿಲು ಅವಳ ಮೈಮೇಲೆ ಬೀಳದಂತೆ ನೋಡಿಕೊಳ್ಳತಕ್ಕದ್ದು.

"ವ್ಯಾಕರಣ ಹಚ್ಚಿದ್ರೆ ಗುಳ್ಳೆ ಏಳಲ್ವೇನೋ?" ಅಂದರು ಅಮ್ಮ. "ಹೆಣ್ಣುಮಗು ಕಣೋ. ಒಳಗಿದ್ರೆ ಏನು ಗಂಟು ಹೋಗತ್ತೆ? ಇನ್ನಷ್ಟು ಕಪ್ಪಾಗೋದಾದ್ರೂ ತಪ್ಪತ್ತೆ."

ಕಪ್ಪಿಗೆ ಬಿಸಿಲು ಏನೂ ಮಾಡದು. ಬಿಸಿಲಿಗೆ ಹೋದರೆ ಕಪ್ಪಾಗುತ್ತಾಳೆ. ಇವೆರಡೂ ಒಂದೇ ಮನೆಯಲ್ಲಿ ಅನ್ಯೋನ್ಯವಾಗಿ ಬಾಳುತ್ತಿದ್ದವು.

ಮೊದಲು ಒಂದು ಸಂಜೆ ಮಗಳನ್ನೂ ಕರೆದುಕೊಂಡು ಮೆಡಿಕಲ್ ಶಾಪಿಗೆ ಹೋಗಿ, ಮಗುವಿಗೆ ಬಿಸಿಲಿಗೆ ಹಚ್ಚುವ ಕ್ರೀಮಿದೆಯೇ ಎಂದೆ. ಅಂಗಡಿಯಾತ ಮಗುವನ್ನು ನೋಡಿದ, ನನ್ನನ್ನು ನೋಡಿದ, ಅನುಕಂಪದಿಂದ ಬೆಳ್ಳಗಾಗುವ ಕ್ರೀಮು ತಂದಿಟ್ಟ. ಬೆಳ್ಳಗಾಗುವುದು ಬೇಡ, ಸುಡದಿದ್ದರೆ ಸಾಕು ಎಂದೆ. ಎರಡೂ ಒಂದೇ ಸಾರ್ ಎಂದ. ಎರಡೂ ಒಂದೇ ಅಲ್ಲವೆಂದು ಹೇಳಿ ಬರಿಗೈಲಿ ಬಂದೆ. ಟೋಪಿಗೆಂದು ಬಳೇಪೇಟೆಯ ಓಣಿಗಳನ್ನೆಲ್ಲ ಸುತ್ತಿದೆ. ಸಿಕ್ಕಿದ್ದೆಲ್ಲ ಕ್ರಿಕೆಟ್ ಟೋಪಿ, ಮುಂದೆ ಮಾತ್ರ ಕೊಕ್ಕು. ಕಿವಿ, ಕತ್ತು ದೇವರ ಪಾಲು.

ದಾರಿ ತೋರಿಸಿದವಳು ನನ್ನ ಹೆಂಡತಿ. "ರೀ, ಹಸುಗೂಸಿನ ಕುಲಾವಿ ಕಿವಿ, ಕತ್ತು ಎಲ್ಲಾ ಮುಚ್ಚತ್ತಲ್ಲ. ಅದನ್ನೇ ದೊಡ್ಡದು ಮಾಡಿದ್ರೆ?" ನನ್ನದೊಂದು ಬಿಳಿ ಪಂಚೆ ಈ ಕಾರ್ಯಕ್ಕೆ ಆತ್ಮಾರ್ಪಣೆ ಮಾಡಿತು. ಅದರಲ್ಲಿ ತುಂಬುತೋಳಿನ ಅಂಗಿಯೊಂದು, ಆರು ವರ್ಷದ ತಲೆಗೊಪ್ಪುವ ಕುಲಾವಿಯೊಂದು ತಯಾರಾದವು. ಕುಲಾವಿಯ ಸುತ್ತ, ಕಾಲರಿನೊಳಗೆ ಇಡುವ ದಪ್ಪ ಬಟ್ಟೆ ಸೇರಿಸಿ ಅಗಲವಾದ ಅಂಚು. ಗದ್ದದ ಕೆಳಗೆ ಕಟ್ಟಲು ಲಾಡಿ. ಮಗಳು ಅದನ್ನು ತೊಟ್ಟು ಹೊಸಿಲು ದಾಟಿದಳು. ಎದುರುಮನೆಯ ರಿಟೈರ್ಡ್ ಮೇಷ್ಟ್ರು ಗೇಟಿನ ಮೇಲೆ ಮೊಣಕೈ ಊರಿ, "ಏನ್ ಸ್ವಾಮಿ, ಮಗೂನ ಮತ್ತೆ ತೊಟ್ಟಿಲಿಗೆ ಹಾಕ್ತೀರೋ?" ಎಂದರು. ಬೇಸಿಗೆಯಲ್ಲೂ ಬಿಡದ ಸ್ವೆಟರಿನ ಮೇಲೆ ಮಫ್ಲರು ಸುತ್ತಿಕೊಂಡೇ ಕೇಳಿದರು.

ನಗುವವರನ್ನು ಸಹಿಸಬಹುದು. ಮೆಚ್ಚುವವರನ್ನು ಸಹಿಸುವುದೇ ಕಷ್ಟ. ಅರಿಶಿನ ಕುಂಕುಮಕ್ಕೆ ಬಂದ ಮಹಿಳೆಯೊಬ್ಬರು, ಈಗಿನಿಂದಲೇ ಬಣ್ಣ ಕಾಪಾಡಿದರೆ ಮುಂದೆ ಗಂಡು ಹುಡುಕುವುದು ಸಲೀಸು ಎಂದು ನನ್ನ ಹೆಂಡತಿಯ ದೂರದೃಷ್ಟಿಯನ್ನು ಕೊಂಡಾಡಿದರು. ಕಾಪಾಡುತ್ತಿರುವುದು ಚರ್ಮವನ್ನು, ಬಣ್ಣವನ್ನಲ್ಲ; ಬಣ್ಣ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂದು ನಾನು ಒಳಗಿನಿಂದ ಕೂಗಿ ಹೇಳಿದೆ. ಕೋಸಂಬರಿ ಹಂಚುವುದು ಸ್ವಲ್ಪ ಹೊತ್ತು ನಿಂತಿತಂತೆ.

ಮಗಳು ಮಾತ್ರ ಕುಲಾವಿ ಕಟ್ಟಿಕೊಂಡೇ ಮತ್ತೆ ಕುಂಟೆಬಿಲ್ಲೆಗೆ ಇಳಿದಳು. ಹೀಗೆ ಬೀದಿಯನ್ನು ಗೆದ್ದೆವು. ಉಳಿದದ್ದು ಶಾಲೆ. ಚಳಿಗಾಲಕ್ಕೆ ಸ್ಪೋರ್ಟ್ಸ್ ಡೇ ತಯಾರಿ ಶುರುವಾಯಿತು. ಚಳಿಯೇನಿದ್ದರೂ ಬೆಳಗಿನದು, ಹನ್ನೊಂದರ ಹೊತ್ತಿಗೆ ಆ ಮೈದಾನದಲ್ಲಿ ಹಪ್ಪಳ ಒಣಗಿಸಬಹುದಿತ್ತು. ಡ್ರಿಲ್ ಮೇಷ್ಟ್ರು ಕುಲಾವಿಯನ್ನು ಕಂಡು, ಯೂನಿಫಾರ್ಮಿನಲ್ಲಿ ಇಲ್ಲದ್ದು ತಲೆಯ ಮೇಲೆ ಇರಕೂಡದೆಂದು ಬಿಚ್ಚಿಸಲು ಹೋದರಂತೆ. ಇವಳು ಲಾಡಿಯನ್ನು ಎರಡೂ ಕೈಲಿ ಹಿಡಿದು ನಿಂತಳಂತೆ. ನನಗೆ ಕರೆ ಬಂತು.

ಹೆಡ್ ಮಿಸ್ ಸಜ್ಜನರು. ಅದೇ ತೊಂದರೆ. ಮಗುವನ್ನು ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗೆ ಕೂರಿಸುತ್ತೇವೆ, ಬಣ್ಣದ ಪೆನ್ಸಿಲು ಕೊಡುತ್ತೇವೆ, ನಿಂಬೆಹಣ್ಣಿನ ಓಟ ಬೇರೆ ಮಕ್ಕಳು ಓಡಿಕೊಳ್ಳಲಿ ಎಂದರು. ಮತ್ತೊಂದು ಕಿಟಕಿ, ಈ ಸಲ ಫ್ಯಾನು ಸಮೇತ.

"ನೆರಳು ಕೊಡಿ ಅಂತ ಬಂದಿಲ್ಲ ಮೇಡಂ," ಅಂದೆ. "ಅದನ್ನ ತಲೆ ಮೇಲೆ ಹೊತ್ಕೊಂಡೇ ಬಂದಿದಾಳೆ. ಓಡೋಕೆ ಬಿಡಿ ಅಂತ ಕೇಳ್ತಿದೀನಿ."

"ಒಬ್ಬಳಿಗೆ ಬಿಟ್ರೆ ನಾಳೆ ಎಲ್ರೂ ಟೋಪಿ ಕೇಳ್ತಾರೆ ಸಾರ್."

"ಕೇಳ್ಲಿ ಮೇಡಂ. ಎಲ್ರಿಗೂ ಅದೇ ಸೂರ್ಯ ತಾನೆ."

ಅವರು ಯೂನಿಫಾರ್ಮಿನ ನಿಯಮವನ್ನು ಓದಿ ಹೇಳಿದರು: ಸ್ಪೋರ್ಟ್ಸ್ ಡೇಗೆ ಮಕ್ಕಳು ಬಿಳಿ ಉಡುಪಿನಲ್ಲಿ ಬರತಕ್ಕದ್ದು. ಕುಲಾವಿಯೂ ಉಡುಪೇ, ಬಿಳಿಯದೇ ಎಂದೆ. ತಕ್ಕದ್ದು ಎಂಬಲ್ಲಿ ನನ್ನನ್ನು ಸೋಲಿಸುವವರು ಅಪರೂಪ. ಕಡೆಗೆ ಅವರು ಕನ್ನಡಕ ತೆಗೆದು, ತನಗೆ ಕಾಣದೆ ಹೋದದ್ದನ್ನು ತಾನು ತಡೆಯಲಾರೆ ಎಂದರು.

ಸ್ಪೋರ್ಟ್ಸ್ ಡೇ ದಿನ ಅತಿಥಿಗಳಿಗೂ ತಂದೆತಾಯಿಗಳಿಗೂ ಶಾಮಿಯಾನ, ಮಕ್ಕಳಿಗೆ ಆಕಾಶ. ಮಗಳು ಬಾಯಲ್ಲಿ ಚಮಚ ಕಚ್ಚಿ, ಕೈ ಹಿಂದಕ್ಕೆ ಕಟ್ಟಿ ಹೊರಟಳು. ಅರ್ಧ ದಾರಿಯಲ್ಲಿ ಕುಲಾವಿ ಕಣ್ಣಿನ ಮೇಲೆ ಜಾರಿತು. ನಮ್ಮ ಹಿಂದೆ ಯಾರೋ, ತೆಗೆದು ಬಿಸಾಕು ಪುಟ್ಟಿ ಎಂದು ಕೂಗಿದರು, ನಗು ಹರಡಿತು. ಅವಳು ಬಿಸಾಡಲಿಲ್ಲ. ಕತ್ತೆತ್ತಿ, ಅಂಚಿನ ಕೆಳಗಿನಿಂದ ದಾರಿ ನೋಡುತ್ತಾ, ದೇವರ ಮೆರವಣಿಗೆಯ ಗತಿಯಲ್ಲಿ ನಡೆದು ಕಡೆಯವಳಾಗಿ ಗೆರೆ ಮುಟ್ಟಿದಳು. ನಿಂಬೆಹಣ್ಣು ಬಿದ್ದಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ತಂದೆಯೊಬ್ಬರು ಸಮಾಧಾನಕ್ಕೆಂಬಂತೆ, "ಕೊನೇಲಿ ಬಂದ್ಲಲ್ಲ ಸಾರ್," ಎಂದರು.

"ಬಂದ್ಲಲ್ಲ," ಎಂದೆ.

ಆಮೇಲೆ ಮುಖ್ಯ ಅತಿಥಿಗಳು ನೆರಳಿನಲ್ಲಿ ನಿಂತು, ಬಿಸಿಲಿನಲ್ಲಿ ಕೂತ ಮಕ್ಕಳಿಗೆ ಆರೋಗ್ಯದ ಬಗ್ಗೆ ದೀರ್ಘವಾಗಿ ಹೇಳಿದರು. ಹೆಡ್ ಮಿಸ್ಸಿಗೆ ಪಾಪ ತಡೆಯಲಾಗಲಿಲ್ಲವೋ ಏನೋ, ಸಾಲಿನ ಬಳಿಗೆ ನಡೆದು, ಶಾಮಿಯಾನದ ಕೆಳಗೆ ಬಂದು ಕೂರುವಂತೆ ನನ್ನ ಮಗಳನ್ನು ಕರೆದರು. ಅವಳು ಕುಲಾವಿಯ ಅಂಚು ಎತ್ತಿ ಅವರ ಮುಖ ನೋಡಿದಳು.

"ಬೇಡ ಮಿಸ್. ನನ್ ಹತ್ರ ಇದೆ."

ಅಷ್ಟರಲ್ಲಿ ಅವಳ ಎಡಬಲದ ಇಬ್ಬರು ಆ ಅಂಚಿನ ನೆರಳಿಗಾಗಿ ಹೆಗಲಿಗೆ ಹೆಗಲು ಒತ್ತಿ, ತಲೆ ತೂರಿಸಲು ಜಗಳ ತೆಗೆದಿದ್ದರು.