ಹರತಾಳದ ದಿನದ ಹಿಂಬಾಗಿಲು

ಕಳೆದ ವಾರ ನಮ್ಮ ಅಂಗಳದ ಪಕ್ಕದ ಹಳೆಯ ಅಂಗಡಿಯ ಹಿಂಬಾಗಿಲನ್ನು ಕಿತ್ತರು. ಅಲ್ಲಿ ಮೊಬೈಲ್ ಅಂಗಡಿ ಬರುತ್ತದಂತೆ, ಅದಕ್ಕೆ ಹಿಂದಿನಿಂದ ಬಾಗಿಲು ಬೇಡವಂತೆ. ದಾರಂದ ಕಳಚಿದ್ದೇ ತಡ, ಒಳಗಿನಿಂದ ಬೆಲ್ಲ, ಒಣಮೀನು, ಸೀಮೆಎಣ್ಣೆ ಎಲ್ಲ ಒಟ್ಟಾದ ಒಂದು ವಾಸನೆ ಅಂಗಳಕ್ಕೆ ಬಂತು. ಅಂಗಳ ಗುಡಿಸುತ್ತಿದ್ದ ಹಿಡಿಸೂಡಿ ಕೆಳಗಿಟ್ಟು ನಿಂತುಬಿಟ್ಟೆ. ಕಾಕ ಅಂಗಡಿ ಬಿಟ್ಟು ಹೋಗಿ ವರ್ಷಗಳೇ ಆಗಿದ್ದವು, ತೀರಿಹೋಗಿ ಕೆಲವು ತಿಂಗಳು...

ಅವರನ್ನು ನಾವೆಲ್ಲ ಕಾಕ ಎಂದೇ ಕರೆಯುತ್ತಿದ್ದೆವು. ಅವರದು ಬ್ಯಾರಿ ಮಾತಾಡುವ ಮುಸಲ್ಮಾನರ ಮನೆ, ನಮ್ಮದು ತುಳು. ಬದಿಯಡ್ಕ ಪೇಟೆಯಿಂದ ಒಳಗೆ ಬರುವ ಜೀಪುಗಳು ನಿಲ್ಲುವಲ್ಲಿ ಅವರ ದಿನಸಿ ಅಂಗಡಿ, ಅದರ ಬೆನ್ನಿಗೇ ನಮ್ಮ ಅಂಗಳ. ನಾನು ಅಂಗನವಾಡಿಯಲ್ಲಿ ಕೆಲಸಕ್ಕಿದ್ದುದರಿಂದ ಕಾಕನಿಗೂ ಊರಿಗೂ ಟೀಚರ್ ಆಗಿದ್ದೆ.

ಹರತಾಳವೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಎಲ್ಲೋ ದೂರದಲ್ಲಿ ಯಾರಿಗೋ ಯಾರೋ ಹೊಡೆದರೆ ಮರುದಿನ ನಮ್ಮ ಊರಿನ ಅಂಗಡಿಗಳು ಮುಚ್ಚಬೇಕು. ಇವತ್ತು ಒಂದು ಪಕ್ಷ ಕರೆದರೆ ಮುಂದಿನ ತಿಂಗಳು ಇನ್ನೊಂದು. ಹಾಲು, ಪತ್ರಿಕೆ, ಆಸ್ಪತ್ರೆಗೆ ವಿನಾಯಿತಿ ಎಂದು ಪತ್ರಿಕೆಯಲ್ಲಿ ಬರುತ್ತಿತ್ತು. ಹಾಲಿನ ಗಾಡಿಗೆ ಅಡ್ಡವಾಗಿ ರಸ್ತೆಯಲ್ಲಿ ಬಿದ್ದಿರುವ ಬಂಡೆಯನ್ನು ಎತ್ತುವವರು ಯಾರು ಎಂಬುದು ಮಾತ್ರ ಬರುತ್ತಿರಲಿಲ್ಲ.

ಅಂಥ ದಿನ ಕಾಕ ಮುಂದಿನ ಶಟರನ್ನು ಪೂರ್ತಿ ಎಳೆದು ಬೀಗ ಹಾಕಿ, ನಮ್ಮ ಅಂಗಳಕ್ಕೆ ತೆರೆಯುವ ಈ ಬಾಗಿಲನ್ನು ಚೂರು ಓರೆ ಮಾಡಿ ಇಡುತ್ತಿದ್ದರು. ಜನ ನಮ್ಮ ಬಚ್ಚಲಿನ ಹಿಂದಿನಿಂದ ಒಬ್ಬೊಬ್ಬರಾಗಿ ಬರುತ್ತಿದ್ದರು. ಎಲ್ಲ ಬಣ್ಣದ ಬಾವುಟದವರೂ ಬರುತ್ತಿದ್ದರು. ಹರತಾಳ ಕರೆದ ಮುಖಂಡರೊಬ್ಬರೇ ಸಕ್ಕರೆಗೆ ಬಂದದ್ದುಂಟು. ನನ್ನ ಅತ್ತೆ ಜಗಲಿಯಲ್ಲಿ ವೀಳ್ಯ ಜಗಿಯುತ್ತಾ ಕೂತವರು ಬಿಡುತ್ತಿರಲಿಲ್ಲ.

"ಬಂದ್ ಮಾಡಿದ್ದು ನೀವೇ ಅಲ್ವ ಮಾರಾಯ? ಈಗ ಇಲ್ಲಿ ಎಂತ ಕೆಲಸ?"

"ಹೊಟ್ಟೆಗೆ ಹರತಾಳ ಉಂಟಾ ಅಮ್ಮ?" ಎಂದು ಆ ಮುಖಂಡರು ಹಲ್ಲು ಕಿರಿಯುತ್ತಿದ್ದರು.

ಕಾದು ನಿಂತವರಿಗೆ ನಾನು ಚಾ ಮಾಡಿ ಕೊಡುತ್ತಿದ್ದೆ. ಬೆಳಿಗ್ಗೆ ಪೇಟೆಯಲ್ಲಿ ಎದುರುಬದುರು ನಿಂತು ಬೈದಾಡಿದವರು ನಮ್ಮ ಮೆಟ್ಟಿಲಲ್ಲಿ ಒತ್ತಿಕೊಂಡು ಕೂತು ಕುಡಿಯುತ್ತಿದ್ದರು. ತುಳು, ಬ್ಯಾರಿ, ಮಲಯಾಳ, ಕೊಂಕಣಿ ಎಲ್ಲವೂ ಪಿಸುಮಾತಿನಲ್ಲೇ. ಒಮ್ಮೆ ಮಕ್ಕಳ ಹಾಲಿನ ಪುಡಿ ಒಂದೇ ಡಬ್ಬಿ ಉಳಿದಿತ್ತು. ಆ ಮುಖಂಡರ ಹೆಂಡತಿಯೂ ಗಲ್ಫಿನಲ್ಲಿ ಗಂಡನಿರುವ ಬ್ಯಾರಿ ಹುಡುಗಿಯೊಬ್ಬಳೂ ನಮ್ಮ ಅಡುಗೆಮನೆಯಲ್ಲಿ ಕೂತು ಅದನ್ನು ಚಮಚದಲ್ಲಿ ಅಳೆದು ಹಂಚಿಕೊಂಡರು. ಇಬ್ಬರಿಗೂ ಅದೇನೂ ದೊಡ್ಡ ಸಂಗತಿ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ.

ಆಮೇಲೆ ಎಲ್ಲರ ಕೈಗೂ ಫೋನ್ ಬಂತು. ಒಂದು ಹರತಾಳದ ಮರುದಿನ ಒಂದು ಕಡೆಯವರ ಫೋನಿನಲ್ಲಿ ಸುದ್ದಿ ಓಡಾಡಿತು: ಈ ಅಂಗಡಿಯವನು ಹಿಂಬಾಗಿಲಿನಿಂದ ತನ್ನವರಿಗೆ ಮಾತ್ರ ಸಾಮಾನು ಕೊಡುತ್ತಾನೆ, ಹಾಲಿನ ಪುಡಿ ಕೇಳಿದ ನಮ್ಮ ಹೆಂಗಸನ್ನು ಓಡಿಸಿದ್ದಾನೆ, ಯಾರೂ ಅಲ್ಲಿಗೆ ಹೋಗಬೇಡಿ. ಇನ್ನೊಂದು ಕಡೆಯವರ ಫೋನಿನಲ್ಲಿ: ಇವನು ನಮ್ಮ ಹರತಾಳ ಮುರಿದು ಅವರಿಗೆಲ್ಲ ಮಾರಿದ್ದಾನೆ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂದು ಒಬ್ಬರಾದರೂ ಕೇಳಬೇಕಲ್ಲ! ಆ ದಿನ ಬೆಳಿಗ್ಗೆಯಿಂದ ಅಂಗಳದಲ್ಲೇ ಇದ್ದವಳು ನಾನು. ಕಾಕ ಒಬ್ಬರನ್ನೂ ಬರಿಗೈಯಲ್ಲಿ ಕಳಿಸಿರಲಿಲ್ಲ.

ಅಂಗಡಿಗೆ ಜನ ಕಡಿಮೆಯಾಯಿತು. ಒಂದು ಕಿಲೋ ಉಪ್ಪಿಗೂ ಜೀಪು ಹತ್ತಿ ಬದಿಯಡ್ಕಕ್ಕೆ ಹೋಗತೊಡಗಿದರು. ಊರಿನಲ್ಲಿ ಬಿಸಿ ಏರಿತೆಂದು ಶಾಲೆಯಲ್ಲಿ ಸೌಹಾರ್ದ ಸಭೆ ಕರೆದರು. ವೇದಿಕೆಯ ಹಿಂದೆ 'ವಿವಿಧತೆಯಲ್ಲಿ ಏಕತೆ' ಎಂಬ ದೊಡ್ಡ ಬ್ಯಾನರ್. ಅದರ ಕೆಳಗೆ ಸಾಲಾಗಿ ಕೂತವರಲ್ಲಿ ನಮ್ಮ ಮೆಟ್ಟಿಲಲ್ಲಿ ಚಾ ಕುಡಿಯದವರು ಯಾರೂ ಇರಲಿಲ್ಲ. ಒಬ್ಬೊಬ್ಬರೂ ಅರ್ಧ ಗಂಟೆ ಏಕತೆಯ ಬಗ್ಗೆ ಕೊರೆದರು. ಕಾಕನ ವಿಷಯ ಮಾತ್ರ ಯಾರ ಬಾಯಲ್ಲೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತೆ.

"ಆ ದಿನ ನಮ್ಮ ಅಂಗಳದಲ್ಲಾಗಿ ಹೋದವರು ಇಲ್ಲೇ ಇದ್ದೀರಿ. ಕಾಕ ಯಾರನ್ನು ಓಡಿಸಿದ್ದು? ಒಬ್ಬರಾದ್ರೂ ಬಾಯಿ ಬಿಟ್ಟು ಹೇಳಿ."

ಯಾರೂ ಹೇಳಲಿಲ್ಲ. ಹೇಳಿದರೆ ಹರತಾಳದ ದಿನ ತಾವು ಸಾಮಾನು ಕೊಂಡದ್ದನ್ನು ಒಪ್ಪಿಕೊಂಡ ಹಾಗಾಗುತ್ತದೆ. ಎದುರಿನವರ ಜೊತೆ ಕೂತು ಚಾ ಕುಡಿದದ್ದೂ ಹೊರಗೆ ಬರುತ್ತದೆ. ಇಷ್ಟು ವರ್ಷ ಒಟ್ಟಿಗೆ ಉಂಡು ತಿಂದವರಿಗೆ ಅದನ್ನು ಹಗಲಿನಲ್ಲಿ ಹೇಳಲು ಧೈರ್ಯವಿರಲಿಲ್ಲ. ಎಂಥ ನಾಚಿಕೆಗೇಡು!

"ಸರಿ, ಹೆಸರು ನಾನೇ ಹೇಳ್ತೇನೆ" ಎಂದೆ.

ಆಗ ಕೊನೆಯ ಬೆಂಚಿನಲ್ಲಿದ್ದ ಕಾಕ ಎದ್ದು ಕೈ ಮುಗಿದರು. "ಬೇಡ ಟೀಚರೇ. ನಂಬಿ ಬಂದವರ ಹೆಸರು ಹೇಳ್ಬಾರ್ದು."

ನಾನು ಕೂತೆ. ವಾಪಸು ಬರುವಾಗ ದಾರಿಯುದ್ದಕ್ಕೂ ಅವರಿಗೆ ಬೈದೆ. ಅವರು ಹೇಳಿದ್ದಿಷ್ಟೇ: "ಹೆಸರು ಬಂದ್ರೆ ಅವರ ಪಾರ್ಟಿಯವರು ಅವರನ್ನು ಬಿಡ್ತಾರಾ? ಅವರಿಗೆ ಈ ಊರಲ್ಲಿ ಬದುಕ್ಲಿಕ್ಕುಂಟಲ್ಲ."

"ನಿಮಗೆ ಬದುಕ್ಲಿಕ್ಕಿಲ್ವ ಕಾಕ?"

ಮಳೆಗಾಲ ಮುಗಿಯುವುದರೊಳಗೆ ಅವರು ಅಂಗಡಿ ಮುಚ್ಚಿ ಕುಂಜತ್ತೂರಿನ ಮಗಳ ಮನೆಗೆ ಹೋದರು. ಮುಂದಿನ ಹರತಾಳದ ದಿನ ಅದೇ ಮುಖಂಡರು ಅಭ್ಯಾಸಬಲದಿಂದ ಬಚ್ಚಲಿನ ಹಿಂದಿನಿಂದ ಬಂದು, ಬೀಗ ಹಾಕಿದ ಬಾಗಿಲಿನೆದುರು ನಿಂತು, "ಕಾಕ ಇಲ್ವ?" ಎಂದು ಕೇಳಿದರು. ನಾನು ಅವರಿಗೆ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕಾಕ ತೀರಿಕೊಂಡಾಗ ಅದೇ ಶಾಲೆಯಲ್ಲಿ ಸಂತಾಪ ಸಭೆಯಾಯಿತು. ಎಲ್ಲ ಪಕ್ಷದವರೂ ಸೇರಿ ಹಾಕಿದ ಫ್ಲೆಕ್ಸಿನಲ್ಲಿ ಕಾಕನ ಮುಖ, ಕೆಳಗೆ 'ನಾಡಿನ ಸೌಹಾರ್ದದ ಕೊಂಡಿ'. ಮುಖಂಡರ ಹೆಂಡತಿ ನನ್ನ ಪಕ್ಕದಲ್ಲೇ ಕೂತು ಬಿಕ್ಕುತ್ತಿದ್ದಳು. "ನನ್ನ ಮಕ್ಕಳು ಕಾಕ ಕೊಟ್ಟದ್ದು ಕುಡಿದು ದೊಡ್ಡದಾದದ್ದು ಟೀಚರೇ" ಎಂದಳು. ಆ ಕಣ್ಣೀರು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು.

"ಮೈಕ್ ಅಲ್ಲಿ ಉಂಟು. ಹೋಗಿ ಹೇಳು" ಎಂದೆ.

ಅವಳು ವೇದಿಕೆಯಲ್ಲಿದ್ದ ಗಂಡನ ಕಡೆ ನೋಡಿ ತಲೆ ತಗ್ಗಿಸಿದಳು. "ಈಗ ಹೇಳಿ ಎಂತ ಪ್ರಯೋಜನ? ಕಾಕ ಹೋದ್ರಲ್ಲ."

ಹೌದು, ಹೋದರು. ಅಂಥವರು ಈ ಊರಿಗೆ ಇನ್ನು ಬರುತ್ತಾರೆಂಬ ನಂಬಿಕೆ ನನಗಿಲ್ಲ. ಅವರನ್ನು ನೆನೆದರೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಒಂದು ಪಾಲು ಅವರ ಮೇಲೂ ಉಂಟು. ಅಂದು ನನ್ನನ್ನು ಅವರು ತಡೆಯಬಾರದಿತ್ತು. ಅವರು ಬೇಡವೆಂದ ಕಾರಣಕ್ಕೆ ಇಲ್ಲಿಯೂ ನಾನು ಯಾರ ಹೆಸರನ್ನೂ ಬರೆದಿಲ್ಲ. ಆದರೆ ಇದನ್ನು ನಮ್ಮ ಮೆಟ್ಟಿಲಲ್ಲಿ ಚಾ ಕುಡಿದವರು ಓದಿದರೆ, ಹೆಸರು ಎಲ್ಲೆಲ್ಲಿ ಬರಬೇಕಿತ್ತೆಂದು ಅವರವರಿಗೆ ಗೊತ್ತಾಗುತ್ತದೆ.